ಕುದುರೆ ವಿಮೆ: ಹಳೆಯ ಕಾಯಿಲೆ ಮುಚ್ಚಿಡಬಹುದೇ?

ಪುಣೆ, ಮುಂಬೈ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಆಗಾಗ ಬರುತ್ತದೆ. ಪಶುವೈದ್ಯರ ಸರ್ಟಿಫಿಕೇಟ್ ಇದ್ದರೆ ಕುದುರೆಯ ಹಳೆಯ ಕಾಯಿಲೆ ಹೇಳಬೇಕಿಲ್ಲ, ಐದು ವರ್ಷ ಕಳೆದರೆ ಕಂಪನಿ ಕೇಳುವಂತೆಯೂ ಇಲ್ಲ ಎಂದು. ಎರಡೂ ತಪ್ಪು.

ಸರ್ಟಿಫಿಕೇಟ್ ಹೇಳುವುದು ಪರೀಕ್ಷೆ ಮಾಡಿದ ದಿನದ ಸ್ಥಿತಿ. ಹೋದ ವರ್ಷದ ಹೊಟ್ಟೆಶೂಲೆ, ವಾಸಿಯಾದ ಕುಂಟು ಅದರಲ್ಲಿ ಕಾಣಲಿಕ್ಕಿಲ್ಲ. ಅರ್ಜಿ ಫಾರಂ ಕೇಳುವುದೇ ಅದನ್ನು. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು. ಹೇಳಿದರೆ? ಕೆಲವೊಮ್ಮೆ ಆ ಕಾಯಿಲೆಯನ್ನಷ್ಟೇ ಹೊರಗಿಟ್ಟು ಉಳಿದದ್ದಕ್ಕೆ ವಿಮೆ ಕೊಡುತ್ತಾರೆ.

ಐದು ವರ್ಷದ ಮಾತು ಮನುಷ್ಯರ ಆರೋಗ್ಯ ವಿಮೆಯದ್ದು. ಎಷ್ಟು ವರ್ಷ ಕಳೆದ ಮೇಲೆ ಕಂಪನಿ ಹಳೆಯ ಕಾಯಿಲೆಯ ಪ್ರಶ್ನೆ ಎತ್ತುವಂತಿಲ್ಲ ಎಂಬ ಅವಧಿ 2024ರಲ್ಲಿ ಅಲ್ಲಿ 8 ವರ್ಷದಿಂದ 5ಕ್ಕೆ ಇಳಿಯಿತು. ವಂಚನೆಗೆ ಅಲ್ಲೂ ರಿಯಾಯಿತಿ ಇಲ್ಲ. ಗೊಂದಲ ಸಹಜವೇ, ಅಲ್ವಾ?

ಇಂಥ ಸಂದೇಶ ಬಂದಾಗ ನಿಮ್ಮ ಪಾಲಿಸಿಯ ಷರತ್ತು, ಫಾರಂ ಕೊನೆಯ ಘೋಷಣೆ ಓದಿ. ನಿಯಮ ಯಾವ ವಿಮೆಗೆ ಅನ್ವಯ ಎಂಬುದು ವಿಮಾ ನಿಯಂತ್ರಕರ ಜಾಲತಾಣದಲ್ಲಿ ಸಿಗುತ್ತದೆ.