ಸತ್ಯಾಂಶ: ಫಿಲ್ ಮಿಕಲ್ಸನ್ ಹುಟ್ಟಾ ಎಡಚರಲ್ಲ

ಎಡಗೈ ಸಾಧಕರ ಪಟ್ಟಿಯೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳಲ್ಲಿ ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್ ಅವರನ್ನು ಹುಟ್ಟಾ ಎಡಚರೆಂದು ಬಣ್ಣಿಸಲಾಗುತ್ತದೆ. ಇದು ನಿಜವಲ್ಲ. ‘ಲೆಫ್ಟಿ’ ಎಂಬ ಅಡ್ಡಹೆಸರು ಹೊತ್ತ ಇವರು ಬರೆಯುವುದೂ ಚೆಂಡೆಸೆಯುವುದೂ ಬಲಗೈಯಲ್ಲೇ. ಪುಟ್ಟ ಮಗುವಾಗಿದ್ದಾಗ, ಬಲಗೈಯಲ್ಲಿ ಆಡುತ್ತಿದ್ದ ತಂದೆಯ ಎದುರು ನಿಂತು, ಕನ್ನಡಿಯ ಬಿಂಬದಂತೆ ಅವರ ಬೀಸನ್ನೇ ಅನುಕರಿಸಿದ್ದರಿಂದ ಎಡಗೈ ಆಟ ರೂಢಿಯಾಯಿತು. ಆ ಬೀಸಿನಲ್ಲೇ 1991ರಲ್ಲಿ, ಇನ್ನೂ ಅರಿಜೋನಾದಲ್ಲಿ ಓದುತ್ತಿದ್ದಾಗ, ಅಮೆರಿಕದ ಪ್ರಮುಖ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಟೂಸಾನ್ ಪಂದ್ಯಾವಳಿ ಗೆದ್ದರು, ಹವ್ಯಾಸಿ ಆಟಗಾರರಾದ್ದರಿಂದ ಬಹುಮಾನದ ಹಣ ಮಾತ್ರ (ಪಾಪ!) ಕೈಸೇರಲಿಲ್ಲ. ಮುಂದೆ ಗೆದ್ದ 6 ಮೇಜರ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಪಂದ್ಯಾವಳಿಗಳು) ಪ್ರಶಸ್ತಿಗಳಲ್ಲಿ ಕೊನೆಯದು, 2021ರ ಪಿಜಿಎ ಚಾಂಪಿಯನ್‌ಶಿಪ್, ಒಲಿದದ್ದು 50ನೇ ವಯಸ್ಸಿನಲ್ಲಿ. ಅಷ್ಟು ಹಿರಿಯ ವಯಸ್ಸಿನಲ್ಲಿ ಅದುವರೆಗೆ ಯಾರೂ ಮೇಜರ್ ಗೆದ್ದಿರಲಿಲ್ಲ.