ಬಾಲಕ್ಕೊಂದು ಸೊನ್ನೆ

ವೇದಿಕೆಯ ಮೇಲೆ ಮತ್ತೊಮ್ಮೆ 'ಸಪ್ತಭಾಷಾ ಸಂಗಮ ಭೂಮಿ' ಎಂದು ಗಂಟಲು ಹರಿದುಕೊಂಡದ್ದಾಯಿತು. ಕೆಳಗೆ ಹಂಚಿದ ಅರ್ಜಿ ಫಾರಂ ಮಾತ್ರ ಮಲಯಾಳದ್ದು. ಕೇರಳದೊಳಗೆ ಕನ್ನಡ ಆಡುವ ಕಾಸರಗೋಡಿನವರಿಗೆ ಇದು ಹೊಸತಲ್ಲವಾದ್ದರಿಂದ ವಿವರ ಬೇಡ, ನೇರ ಪರಿಹಾರಕ್ಕೇ ಬರೋಣ. ಎಲ್ಲ ಕಚೇರಿಗೂ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆ ತನ್ನಿ ಮಾರಾಯ್ರೆ! ಯಾರಿಗೂ ಬಾರದ ಭಾಷೆ, ಯಾರಿಗೂ ಹೊಟ್ಟೆಕಿಚ್ಚಿಲ್ಲ.

1887ರಲ್ಲಿ ಅದನ್ನು ಹೊರತಂದದ್ದು ಝಾಮೆನ್‌ಹೊಫ್ ಎಂಬ ಕಣ್ಣಿನ ಡಾಕ್ಟರು. ಹುಟ್ಟೂರು ಈಗಿನ ಪೋಲೆಂಡಿನ ಬಿಯಾಲಿಸ್ಟಾಕ್. ರಷ್ಯನ್, ಪೋಲಿಷ್, ಜರ್ಮನ್, ಯಿದ್ದಿಷ್ ಆಡುವವರು ಒಬ್ಬರಿಗೊಬ್ಬರು ಮುಖ ಕೊಡದ ಊರು. ವ್ಯಾಕರಣ ಒಟ್ಟು 16 ನಿಯಮ. ನಾಮಪದವೋ, ಬಾಲಕ್ಕೊಂದು ಓಕಾರ: ಮೇಜು 'ತಾಬ್ಲೊ'. ಬಹುವಚನಕ್ಕೆ 'ಯ್', 'ತಾಬ್ಲೊಯ್'. ಕರ್ಮಪದವಾದರೆ ಅದರ ಮೇಲೆ 'ನ್', 'ತಾಬ್ಲೊಯ್ನ್'. ದ್ವಿತೀಯಾ ವಿಭಕ್ತಿ ಬಾಯಿಪಾಠ ಮಾಡಿದ ನಮಗೆ ಇದೇನು ಮಹಾ? ಇಂಗ್ಲಿಷಿನವರೇ ಆ 'ನ್' ಮರೆತು ಒದ್ದಾಡುವುದು, ಅವರಲ್ಲಿ ಪದ ನಿಂತ ಜಾಗವೇ ವಿಭಕ್ತಿಯ ಕೆಲಸ ಮಾಡುತ್ತದಲ್ಲ. ಕಡೆಗೆ ಆ 'ನ್', ಆರು ಅಕ್ಷರಗಳ ತಲೆಯ ಮೇಲಿನ ಟೋಪಿಯಂಥ ಗುರುತು, ಇಂಥದ್ದಕ್ಕೆಲ್ಲ ತಕರಾರೆದ್ದು 1907ರಲ್ಲಿ 'ಇಡೊ' ಎಂಬ ಕವಲು ಬೇರೆ ಹೋಯಿತು. ವಿಶ್ವಶಾಂತಿಯ ಭಾಷೆ, 20 ವರ್ಷಕ್ಕೇ ಪಾಲುಪಟ್ಟಿ!

1951ರ ಇನ್ನೊಂದು ಕಟ್ಟಿದ ಭಾಷೆ ಇಂಟರ್‌ಲಿಂಗ್ವಾದ ನ್ಯಾಯ ಇನ್ನೂ ಚಂದ. ಪದವೊಂದು ಒಳಗೆ ಬರಬೇಕಾದರೆ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಮತ್ತೆ ಒಂದೇ ಓಟಿನ ಸ್ಪ್ಯಾನಿಷ್-ಪೋರ್ಚುಗೀಸ್ ಜೋಡಿ, ಈ ನಾಲ್ಕರಲ್ಲಿ ಮೂರು ಕಡೆ ಇರಬೇಕು. ಸಾಲದಿದ್ದರೆ ಜರ್ಮನ್, ರಷ್ಯನ್ನಿನ ಬೆಂಬಲ. ದ್ರಾವಿಡ ಭಾಷೆಗಳ ಹೆಸರು ಮತದಾರರ ಪಟ್ಟಿಯಲ್ಲೇ ಇಲ್ಲ. ಆದರೂ ಅದು ಅಂತಾರಾಷ್ಟ್ರೀಯ. ಬಹುಮತದವರು ತಮ್ಮ ಬೇರನ್ನೇ ಎಲ್ಲರ ಬೇರು ಅನ್ನುವುದು ನಮ್ಮಲ್ಲಿ ಮಾತ್ರ ಅಲ್ಲ ಎಂಬ ಸಮಾಧಾನ ನಮಗೆ.

ಆದರೆ ಬಾಲ ಅಂಟಿಸುವ ವಿದ್ಯೆಯಲ್ಲಿ ಡಾಕ್ಟರು ನಮ್ಮ ಊರ ಬೋರ್ಡು ಬರೆಸುವವರ ಕಾಲಡಿ ನುಸುಳಬೇಕು. ಅವರದು ಓಕಾರ, ಇವರದು ಸೊನ್ನೆ. ಮಂಜೇಶ್ವರ ಮಂಜೇಶ್ವರಂ ಆಯಿತು. ಬೇಡಡ್ಕ ಬೇಡಗಂ, ಕಾರಡ್ಕ ಕಾಡಗಂ. ಇಲ್ಲಿ ಸೊನ್ನೆ ಇಡುವ ಮೊದಲು 'ಅಡ್ಕ'ವನ್ನೇ ಕೆರೆದು ತೆಗೆಯಬೇಕಾಗುತ್ತದೆ, ನುರಿತ ಕೈಯೇ ಬೇಕು.

ತಮಾಷೆ ಸಾಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮಾಸ್ಟ್ರು ಬರುತ್ತಾರೆ. ಪುಸ್ತಕದಲ್ಲಿ 'ಲಂಬಕೋನ', ಅವರ ಬಾಯಲ್ಲಿ ಮಲಯಾಳದ 'ಮಟ್ಟಕೋಣ್'. ಮಗು ಸಂಶಯ ಕೇಳಿದರೆ ಅವರಿಗೆ ಅರ್ಥವಾಗದು, ಅವರ ಉತ್ತರ ಮಗುವಿಗೆ ಅರ್ಥವಾಗದು. ಪರೀಕ್ಷೆ ಬರೆಯಬೇಕಾದ್ದು ಕನ್ನಡದಲ್ಲಿ. ಮಾಸ್ಟ್ರದ್ದೇನೂ ತಪ್ಪಿಲ್ಲ, ಆರ್ಡರು ಸಿಕ್ಕಿದಲ್ಲಿಗೆ ಬಂದವರು. ಹೀಗೆ ಕಳಿಸಬಾರದು ಎಂದು ಮನವಿ ಕೊಟ್ಟು, ಧರಣಿ ಕೂತು, ಜನಕ್ಕೆ ಸುಸ್ತಾಗಿದೆ.

ಸಂವಿಧಾನದ 350ನೇ ವಿಧಿಯ ಪ್ರಕಾರ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. 350-ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠಕ್ಕೆ ಸೌಲಭ್ಯ ಮಾಡಿಕೊಡಿ ಅನ್ನುತ್ತದೆ. ಹಾಗಾಗಿ ಕನ್ನಡದಲ್ಲೇ ಬರೆಯಿರಿ. ವಿಧಿಯ ನಂಬರು ಮೇಲೆಯೇ ಕಾಣಿಸಿ. ಎರಡನೇ ಪ್ರತಿಗೆ ಸೀಲು, ತಾರೀಕು ಬೀಳದೆ ಕೌಂಟರು ಬಿಡಬೇಡಿ. ಉತ್ತರ ಮಲಯಾಳದಲ್ಲಿ ಬರುತ್ತದೆ.