ಅಳಿಸುವ ಬಟನ್ ನೋಡಿ ಕೋಡ್ ರೀಡರ್ ಕೊಳ್ಳಬೇಡಿ

ಇವತ್ತು ಬೆಳಿಗ್ಗೆ ಭಾವ ಹೊಸ ಕೋಡ್ ರೀಡರ್, ಅಂದರೆ ಕಾರಿನ ದೋಷದ ಕೋಡ್ ಓದುವ ಪುಟ್ಟ ಯಂತ್ರ, ತಂದು ತೋರಿಸಿದರು. ಕಾರಿನ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡು ಕೆಲವು ದಿನ ಆಗಿತ್ತಂತೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರು, ಇಗ್ನಿಷನ್ ಆನ್ ಮಾಡಿದರು, ಪುಟ್ಟ ಪರದೆಯ ಮೇಲೆ ಪಿ0171 ಅಂತ ಬಂತು. ನಾನು ಬಗ್ಗಿ ನೋಡುವಷ್ಟರಲ್ಲಿ ಇರೇಸ್ ಬಟನ್ ಒತ್ತಿಯೇ ಬಿಟ್ಟರು. ಲೈಟ್ ಆರಿತು.

"ಭಾವ, ಅಳಿಸೋಕೆ ಮುಂಚೆ ಫ್ರೀಜ್ ಫ್ರೇಮ್ ನೋಡಬಾರದಿತ್ತಾ?" ಅಂದೆ.

"ಇದರಲ್ಲಿ ಅದೆಲ್ಲ ಇಲ್ಲ ಕಣಯ್ಯ. ಲೈಟ್ ಆರಿತಲ್ಲ, ಇನ್ನೇನು ಬೇಕು? ಆಕ್ಸಿಜನ್ ಸೆನ್ಸರ್ ಹೋಗಿರುತ್ತೆ, ಹೊಸದು ತರಿಸ್ತೀನಿ" ಅಂದರು.

ನನಗೆ ಭಾವನ ಮೇಲೆ ಕೋಪ ಇಲ್ಲ. ಅವರು ಮಾಡಿದ್ದು ಆ ಯಂತ್ರ ಹೇಳಿಕೊಟ್ಟಷ್ಟನ್ನೇ. ಕೋಪ ಇರುವುದು ಇಂಥ ಯಂತ್ರಗಳನ್ನು ಮಾರುವ ರೀತಿಯ ಮೇಲೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಒಂದೇ ಮಾತು: ಲೈಟ್ ಆರಿಸುತ್ತದೆ. ರಿವ್ಯೂ ಮಾಡುವವರೂ ಅದನ್ನೇ ಮೊದಲು ತೋರಿಸುತ್ತಾರೆ. ದೂರು ಬರೆದ ಕಾಗದ ಹರಿದು ಹಾಕಿದರೆ ದೂರು ತೀರುತ್ತದೆಯೇ?

ನಾನು ಕಾರಿನ ಬಾನೆಟ್ ಎತ್ತಿಕೊಂಡು ನಿಲ್ಲುವ ಜಾತಿಯವನು ಅಂತ ನಿಮಗೆಲ್ಲ ಗೊತ್ತು. ಯಾವ ಸ್ಕ್ಯಾನರ್ ಕೊಳ್ಳಲಿ ಅಂತ ನಿಮ್ಮಲ್ಲಿ ಎಷ್ಟೋ ಜನ ಕೇಳುತ್ತಲೇ ಇರುತ್ತೀರಿ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ ಅಂತ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅಷ್ಟೇ ಅದು ಹೇಳುವುದು. ಯಾಕೆ ಹಾಗಾಯಿತು ಅಂತ ಆ ಕೋಡ್ ಹೇಳುವುದಿಲ್ಲ. ಎಲ್ಲೋ ಒಂದು ಪೈಪ್ ಸೀಳಿರಬಹುದು. ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು. ಪೆಟ್ರೋಲ್ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು. ಇದರಲ್ಲಿ ಯಾವುದು ಅಂತ ಗೊತ್ತಾಗಬೇಕಾದರೆ ತೊಂದರೆ ಆದ ಹೊತ್ತಿನಲ್ಲಿ ಎಂಜಿನ್ ಏನು ಮಾಡುತ್ತಿತ್ತು ಅಂತ ಗೊತ್ತಿರಬೇಕು. ಅದನ್ನೇ ಫ್ರೀಜ್ ಫ್ರೇಮ್ ಅನ್ನುವುದು. ಕೋಡ್ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ವೇಗ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಲೋಡ್ ಎಷ್ಟು, ಫ್ಯೂಯೆಲ್ ಟ್ರಿಮ್ (ಪೆಟ್ರೋಲಿನ ಲೆಕ್ಕದಲ್ಲಿ ಮಾಡಿಕೊಂಡ ಹೆಚ್ಚು ಕಡಿಮೆ) ಎಷ್ಟು, ಎಲ್ಲವನ್ನೂ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ. ಬಿಟ್ಟಿ ಸಾಕ್ಷಿ. ಇರೇಸ್ ಒತ್ತಿದರೆ ಕೋಡಿನ ಜೊತೆ ಅದೂ ಹೋಗುತ್ತದೆ. ಬಹಳಷ್ಟು ಕಾರುಗಳಲ್ಲಿ ಇಸಿಯು ಕಲಿತುಕೊಂಡಿದ್ದ ಲಾಂಗ್ ಟರ್ಮ್ ಟ್ರಿಮ್ ಕೂಡ ಸೊನ್ನೆಗೆ ಬರುತ್ತದೆ.

ಭಾವನ ಕಾರಿನ ಸಾಕ್ಷಿ ಆಗಲೇ ಹೋಗಿತ್ತು. ಒಳಗೆ ಹೋಗಿ ಫೋನಿಗೆ ಜೋಡಿಸುವ ನನ್ನ ಅಡಾಪ್ಟರ್ ತಂದು ಚುಚ್ಚಿದೆ. ಎಂಜಿನ್ ಬಿಸಿಯಾಗುವವರೆಗೆ ಕಾದು ಫೋನಿನಲ್ಲಿ ಶಾರ್ಟ್ ಟರ್ಮ್ ಟ್ರಿಮ್, ಅಂದರೆ ಆ ಕ್ಷಣದ ಹೆಚ್ಚು ಕಡಿಮೆ, ತೆರೆದೆ. ಐಡಲ್‌ನಲ್ಲಿ ಪ್ಲಸ್ 20ರ ಆಸುಪಾಸು ಆಡುತ್ತಿತ್ತು. ಅಂದರೆ ಲೆಕ್ಕಕ್ಕಿಂತ ಶೇಕಡಾ 20ರಷ್ಟು ಜಾಸ್ತಿ ಪೆಟ್ರೋಲ್ ಸುರಿದು ಇಸಿಯು ಹೇಗೋ ಸಂಭಾಳಿಸುತ್ತಿದೆ. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿಯಲು ಭಾವನಿಗೆ ಹೇಳಿದೆ. ಟ್ರಿಮ್ ಇಳಿದು ಪ್ಲಸ್ 4ಕ್ಕೆ ಬಂದು ನಿಂತಿತು. ಕಾಲು ತೆಗೆದರು, ಮತ್ತೆ 20.

ಇಷ್ಟು ಕಂಡರೆ ಅರ್ಧ ಕೆಲಸ ಮುಗಿದಂತೆ. ಅವರ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಆ ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಚಿಕ್ಕ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ಆರ್‌ಪಿಎಂ ಏರಿದಾಗ ಒಟ್ಟು ಗಾಳಿಯೇ ಜಾಸ್ತಿ, ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಪಂಪೋ ಫಿಲ್ಟರೋ ಸೋತಿದ್ದರೆ ಇದಕ್ಕೆ ತಿರುಗುಮುರುಗು ಆಗಬೇಕಿತ್ತು, ಲೋಡ್ ಏರಿದಷ್ಟೂ ಟ್ರಿಮ್ ಏರಬೇಕಿತ್ತು. ಎಂಜಿನ್ ಆಫ್ ಮಾಡಿಸಿ ಒಂದೊಂದೇ ಪೈಪ್ ಹಿಡಿದು ನೋಡುತ್ತಾ ಹೋದೆ. ಎಂಜಿನ್ ಒಳಗಿನ ಆವಿಯನ್ನು ವಾಪಸ್ ಗಾಳಿದಾರಿಗೆ ಕಳಿಸುವ ಪಿಸಿವಿ ವಾಲ್ವ್‌ನಿಂದ ಹೊರಡುವ ರಬ್ಬರ್ ಪೈಪ್ ಬಾಗಿದ ಕಡೆ, ಕೆಳಮಗ್ಗುಲಲ್ಲಿ, ಬೆರಳಿನಿಂದ ಒತ್ತಿದರೆ ಬಾಯಿ ಬಿಡುವ ಸೀಳು ಸಿಕ್ಕಿತು. ಮೇಲಿಂದ ನೋಡಿದರೆ ಪೈಪ್ ಹೊಸದರಂತೆಯೇ ಇತ್ತು.

ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ನಿಜ ಹೇಳಿದ್ದಕ್ಕೆ ಅದನ್ನೇ ಕಿತ್ತು ಬಿಸಾಡುವುದರಲ್ಲಿದ್ದರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕೋಡಿನಲ್ಲಿ ಯಾವ ಭಾಗದ ಹೆಸರು ಬಂತೋ ಆ ಭಾಗವನ್ನೇ ಬದಲಾಯಿಸುವುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಬಂದರೆ ಸೀದಾ ಕನ್ವರ್ಟರನ್ನೇ ಬಿಚ್ಚುವುದು. ಸೈಲೆನ್ಸರ್ ಪೈಪಿನ ಮುಂಭಾಗದಲ್ಲಿ ಸಣ್ಣ ಸೋರಿಕೆ ಇದ್ದರೂ ಆ ಕೋಡ್ ಬರಬಹುದು. ಕನ್ವರ್ಟರ್ ಹಿಂದೆ ಇರುವ ಆಕ್ಸಿಜನ್ ಸೆನ್ಸರಿನ ಗ್ರಾಫ್ ತೆರೆದು ನೋಡಿ. ಕನ್ವರ್ಟರ್ ಚೆನ್ನಾಗಿದ್ದರೆ ವೋಲ್ಟೇಜ್ ಹೆಚ್ಚು ಅಲುಗಾಡದೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಮುಂದಿನ ಸೆನ್ಸರ್ ಹಳೆಯ ರೀತಿಯದಾಗಿದ್ದರೆ 0.1 ಮತ್ತು 0.9 ವೋಲ್ಟ್ ನಡುವೆ ಕುಣಿಯುತ್ತಿರುತ್ತದೆ. ಹಿಂದಿನದೂ ಅದರ ಜೊತೆ ಕುಣಿಯತೊಡಗಿದರೆ ಆಗ ಕನ್ವರ್ಟರ್ ಮೇಲೆ ಅನುಮಾನ ಪಡಬೇಕು. ಇದನ್ನು ತಿಳಿಯಲು ಗ್ರಾಫ್ ಬೇಕು. ಬರೀ ಕೋಡ್ ಓದಿ ಅಳಿಸುವ ಯಂತ್ರದಲ್ಲಿ ಅದು ಇರುವುದಿಲ್ಲ.

"ಮನೆಯಲ್ಲಿ ಹವ್ಯಾಸಕ್ಕೆ ಕೆಲಸ ಮಾಡುವವರಿಗೆ ಇಷ್ಟೆಲ್ಲ ಯಾಕೆ? ಕೋಡ್ ಗೊತ್ತಾದರೆ ಸಾಕು, ಉಳಿದದ್ದು ಇಂಟರ್‌ನೆಟ್ಟಿನಲ್ಲಿ ಹುಡುಕಿಕೊಂಡರಾಯಿತು" ಅನ್ನುವವರಿದ್ದಾರೆ. ಹುಡುಕಿ ನೋಡಿ. ಒಂದು ಕೋಡಿಗೆ ಏಳೆಂಟು ಕಾರಣ ಕೊಡುತ್ತದೆ. ಗ್ಯಾರೇಜಿನಲ್ಲಾದರೆ ಅಂಥ ಕಾರು ದಿನಾ ಬರುತ್ತದೆ, ಕೈಗೆ ಅಭ್ಯಾಸ ಇರುತ್ತದೆ, ಹಾಕಿ ನೋಡಲು ಚೆನ್ನಾಗಿರುವ ಬಿಡಿಭಾಗ ಪಕ್ಕದಲ್ಲೇ ಇರುತ್ತದೆ. ನಮಗೆ ಇರುವುದು ಒಂದು ಕಾರು, ಒಂದು ಸೆಟ್ ಸ್ಪ್ಯಾನರ್. ಬಿಚ್ಚುವ ಮುಂಚೆ ಸರಿಯಾಗಿ ತಿಳಿದುಕೊಳ್ಳುವ ಅಗತ್ಯ ಅವರಿಗಿಂತ ನಮಗೇ ಜಾಸ್ತಿ ಅಲ್ವಾ?

ಅಷ್ಟಕ್ಕೂ ಲೈಟ್ ಆರಿಸುವ ಬಟನ್ ನಮಗೆ ಬೇಕೇ ಬೇಕು ಅಂತಿಲ್ಲ. ರಿಪೇರಿ ಸರಿಯಾಗಿದ್ದರೆ, ಸತತ ಮೂರು ಡ್ರೈವಿಂಗ್ ಸೈಕಲ್‌ಗಳಲ್ಲಿ (ಎಂಜಿನ್ ಶುರು ಮಾಡಿ, ಓಡಿಸಿ, ಆಫ್ ಮಾಡುವ ಸುತ್ತು) ತೊಂದರೆ ಕಾಣದಿದ್ದರೆ ಇಸಿಯು ತಾನೇ ಲೈಟ್ ಆರಿಸುತ್ತದೆ. ಸುಮಾರು 40 ಸಲ ಎಂಜಿನ್ ಬಿಸಿಯಾಗಿ ತಣಿದ ಮೇಲೆ ಕೋಡನ್ನೂ ತಾನೇ ತೆಗೆದುಹಾಕುತ್ತದೆ. ಕೆಲಸ ಮುಗಿದ ಮೇಲೆ ಕೋಡ್ ವಾಪಸ್ ಬರುತ್ತದಾ ಅಂತ ನೋಡಲು ಅಳಿಸಿ, ಅದು ಸರಿ. ಕೆಲಸಕ್ಕೆ ಮುಂಚೆ ಅಳಿಸುವುದರಿಂದ ಏನೂ ಲಾಭವಿಲ್ಲ.

ಇನ್ನೊಂದು ವಿಷಯ. ಕೋಡ್ ಅಳಿಸಿದರೆ ರೆಡಿನೆಸ್ ಮಾನಿಟರ್‌ಗಳೂ ಮೊದಲಿಗೆ ಬರುತ್ತವೆ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ), ಹೀಗೆ ಇಸಿಯು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಪಟ್ಟಿ ಅದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನು ಮೊದಲು ತೆರೆಯುವುದು ಈ ಪಟ್ಟಿಯನ್ನೇ. ಲೈಟ್ ಇಲ್ಲ, ಕೋಡ್ ಇಲ್ಲ, ಆದರೆ ಮಾನಿಟರ್ ಎಲ್ಲವೂ ಅಪೂರ್ಣ ಅಂತಿದ್ದರೆ ಯಾರೋ ಈಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅಂತ ತೋರಿಸುವ ಅಂಕಿಯೂ ಬಹಳಷ್ಟು ಕಾರುಗಳಲ್ಲಿ ಇದೆ. ಅದು ಐದಾರು ಕಿಲೋಮೀಟರ್ ಅಂತ ತೋರಿಸಿದರೆ ನಾನು ಬೇರೆ ಮಾತೇ ಆಡುವುದಿಲ್ಲ, ಎದ್ದು ಬರುತ್ತೇನೆ.

ಹಾಗಾದರೆ ಯಾವುದು ಕೊಳ್ಳಬೇಕು? ಫ್ರೀಜ್ ಫ್ರೇಮ್, ಲೈವ್ ಡೇಟಾ, ಅದರ ಗ್ರಾಫ್, ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಅನುಮಾನದ ಕೋಡ್), ರೆಡಿನೆಸ್ ಮಾನಿಟರ್. ಇವು ಇರಲೇಬೇಕು. ಇಸಿಯು ಮಾಡಿಕೊಂಡ ಪರೀಕ್ಷೆಗಳ ಅಂಕಿಗಳನ್ನು ತೋರಿಸುವ ಮೋಡ್ 6 ಕೂಡ ಇದ್ದರೆ ಬಹಳ ಒಳ್ಳೆಯದು. ಹೊಸ ಕಾರುಗಳಲ್ಲಿ ಯಾವ ಸಿಲಿಂಡರ್ ಎಷ್ಟು ಸಲ ಮಿಸ್‌ಫೈರ್ ಆಗಿದೆ (ಪೆಟ್ರೋಲ್ ಸರಿಯಾಗಿ ಉರಿದಿಲ್ಲ) ಅಂತ ಅದರಲ್ಲಿ ಸಿಗುತ್ತದೆ, ಲೈಟ್ ಹತ್ತುವ ಮುಂಚೆಯೇ.

ಕೈಯಲ್ಲಿ ಹಿಡಿಯುವ ಯಂತ್ರವೋ, ಫೋನಿಗೆ ಜೋಡಿಸುವ ಅಡಾಪ್ಟರೋ ಅಂದರೆ ನನ್ನ ಮತ ಅಡಾಪ್ಟರಿಗೆ. ಪರದೆ ದೊಡ್ಡದು, ಗ್ರಾಫ್ ಚೆನ್ನಾಗಿ ಕಾಣುತ್ತದೆ, ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದು. ಆದರೆ ಇಲ್ಲೂ ಮೋಸ ಇದೆ. ಅಡಾಪ್ಟರಿನೊಳಗೆ ಕಾರಿನ ಜೊತೆ ಮಾತಾಡುವ ಇಎಲ್‌ಎಂ327 ಅನ್ನುವ ಚಿಪ್ ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಈಗ ಅತಿ ಅಗ್ಗಕ್ಕೆ ಆ ಹೆಸರಿನಲ್ಲಿ ಸಿಗುವುದೆಲ್ಲ ನಕಲು. ಎಷ್ಟೋ ಅಡಾಪ್ಟರುಗಳ ಮೇಲೆ ಆವೃತ್ತಿ 1.5 ಅಂತ ಬರೆದಿರುತ್ತದೆ. ಅಂಥ ಆವೃತ್ತಿಯನ್ನು ಆ ಕಂಪನಿ ಬಿಡುಗಡೆ ಮಾಡಿಯೇ ಇರಲಿಲ್ಲ. ನಕಲಿಯಲ್ಲಿ ಕೆಲವು ಚೆನ್ನಾಗಿ ಓಡುತ್ತವೆ. ಕೆಲವು ಅರ್ಧ ಆಜ್ಞೆಗಳಿಗೆ ಉತ್ತರವನ್ನೇ ಕೊಡುವುದಿಲ್ಲ, ನಡುವೆ ಸಂಪರ್ಕ ಕಡಿದುಕೊಳ್ಳುತ್ತವೆ. ಎಸ್‌ಟಿಎನ್ ಸರಣಿಯ ಚಿಪ್ ಇರುವ ಅಡಾಪ್ಟರ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಐಫೋನ್ ಇರುವವರು ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವುದನ್ನೇ ನೋಡಿ, ಹಳೆಯ ಬ್ಲೂಟೂತ್ ಅಡಾಪ್ಟರ್ ಸಾಮಾನ್ಯವಾಗಿ ಅದಕ್ಕೆ ಕೂಡುವುದಿಲ್ಲ.

ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲವೂ ಓದುತ್ತದೆ ಅಂತಲೂ ತಿಳಿಯಬೇಡಿ. ಈ ಸಾಕೆಟ್ಟಿನ ಹಿಂದಿರುವ ಮಾನದಂಡ ಒಬಿಡಿ-2 ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಕಡ್ಡಾಯ ಆಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ಅದು ಎಲ್ಲ ಕಂಪನಿಗೂ ಸಮಾನ ಮಾಡಿದ್ದು ಹೊಗೆಗೆ ಸಂಬಂಧಪಟ್ಟ ವಿಷಯಗಳನ್ನು ಮಾತ್ರ. ಎಬಿಎಸ್, ಏರ್‌ಬ್ಯಾಗ್ ಲೈಟ್ ಹತ್ತಿದರೆ ಸಾಮಾನ್ಯ ರೀಡರ್ ಸುಮ್ನೆ ಕೂರುತ್ತದೆ. ಕಂಪನಿಗೆ ತಕ್ಕ ಸಾಫ್ಟ್‌ವೇರ್ ಬೇಕಾಗುತ್ತದೆ. ಫೋರ್ಡ್‌ಗೆ ಫೋರ್‌ಸ್ಕ್ಯಾನ್, ಫೋಕ್ಸ್‌ವ್ಯಾಗನ್ ಬಳಗಕ್ಕೆ ವಿಸಿಡಿಎಸ್ ಇವೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡ್ ನೀವೇ ಬದಲಾಯಿಸುವುದಾದರೆ, ಬ್ರೇಕ್ ಮೋಟರನ್ನು ಹಿಂದಕ್ಕೆ ಸರಿಸಲು ಆಜ್ಞೆ ಕೊಡಬಲ್ಲ ಸ್ಕ್ಯಾನರ್ ಬೇಕಾಗಬಹುದು. ಅಂಥ ಕೆಲಸ ಇಲ್ಲದವರು ಅದಕ್ಕೆ ದುಡ್ಡು ಸುರಿಯಬೇಡಿ.

ಮತ್ತೆ, ಲೈಟ್ ಮಿಣುಕುತ್ತಿದ್ದರೆ ಸ್ಕ್ಯಾನರ್ ಹುಡುಕುತ್ತಾ ಓಡಿಸಬೇಡಿ. ಜೋರು ಮಿಸ್‌ಫೈರ್ ಆಗುತ್ತಿದೆ, ಸುಡದ ಪೆಟ್ರೋಲ್ ಹೋಗಿ ಕನ್ವರ್ಟರನ್ನು ಕರಗಿಸಬಹುದು ಅಂತ ಅದರ ಅರ್ಥ. ಪಕ್ಕಕ್ಕೆ ಹಾಕಿ ನಿಲ್ಲಿಸಿ.

ಇದನ್ನೆಲ್ಲ ಇಷ್ಟು ಹಚ್ಚಿಕೊಂಡು ಬರೆಯಲು ಕಾರಣ ಇದೆ. ಎಂಜಿನ್ ತಣ್ಣಗಿದ್ದಾಗ ಶುರು ಮಾಡಿ ಕೂಲೆಂಟಿನ ಗೆರೆ ಮೇಲೇರುವುದು, ಆಕ್ಸಿಜನ್ ಸೆನ್ಸರ್ ಎಚ್ಚರಗೊಳ್ಳುವುದು, ಟ್ರಿಮ್ ನಿಧಾನಕ್ಕೆ ಸೊನ್ನೆಯ ಹತ್ತಿರ ಬಂದು ನೆಲೆಯಾಗುವುದು, ಇದನ್ನು ನೋಡುತ್ತಾ ಕೂರುವುದು ನನಗೆ ತುಂಬಾ ಇಷ್ಟ. ಎಂಜಿನ್ ತನ್ನ ಸ್ಥಿತಿಯನ್ನು ಇಷ್ಟು ವಿವರವಾಗಿ ಹೇಳುತ್ತದೆ. ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸುವ ಯಂತ್ರಕ್ಕೆ ಜನ ದುಡ್ಡು ಕೊಡುವುದು ನೋಡಿದರೆ ಬೇಜಾರಾಗುತ್ತದೆ.

ಭಾವ ಆ ರೀಡರ್ ವಾಪಸ್ ಮಾಡುತ್ತಾರಂತೆ. ಹೊಸ ಪೈಪ್ ನಾಳೆ ಹಾಕುತ್ತೇವೆ. ನಿಮಗೆ ಯಾವುದು ಹೊಂದುತ್ತದೆ ಅಂತ ಕೇಳುವುದಿದ್ದರೆ ಕಾರಿನ ಮಾಡೆಲ್, ವರ್ಷ, ನಿಮ್ಮ ಫೋನ್ ಯಾವುದು ಅಂತ ಬರೆಯಿರಿ. ಲೈಟ್ ಆಗಲೇ ಹತ್ತಿದ್ದರೆ ಕೋಡಿನ ಜೊತೆ ಫ್ರೀಜ್ ಫ್ರೇಮಿನ ಫೋಟೊ ಕೂಡ ಹಾಕಿ. ಬಿಡುವಾದಾಗ ಕೂತು ನೋಡಿ ಹೇಳುತ್ತೇನೆ.